ಲಾಂಡ್ರಿ ಕಟ್ಟಡದ ಇನ್ನೊಂದು ಪ್ರತಿ

“ಇನ್ನು ಮೇಲೆ ನೀವು ಬರೆದದ್ದು ಕಳೆದುಹೋಗಲ್ಲ ಅತ್ತಿಗೆ. ತೆರೆ ಮೇಲೆ ‘ದಾಖಲಾಗಿದೆ’ ಅಂತ ಬಂತು ಅಂದ್ರೆ ದಾಖಲಾಗಿದೆ ಅಂತಲೇ ಅರ್ಥ. ನಾನು ಆ ಆಸ್ಪತ್ರೇಲಿ ಇರೋವರೆಗೂ ಅದು ಸುಳ್ಳಾಗೋಕೆ ಬಿಡಲ್ಲ.”

ಅವಳು ಹೀಗೆ ಮಾತು ಕೊಟ್ಟದ್ದು ಗಂಡನ ಅಕ್ಕನಿಗೆ, ಪಾತ್ರೆ ತೊಳೆಯುವ ಕಟ್ಟೆಯ ಮುಂದೆ, ಮೊಣಕೈವರೆಗೂ ಸೋಪಿನ ನೊರೆ ಮಾಡಿಕೊಂಡು. ಆಗ ಅವಳಿಗೆ ಮದುವೆಯಾಗಿ ವರ್ಷ ತುಂಬಿರಲಿಲ್ಲ. ಆಸ್ಪತ್ರೆಯ ಕಂಪ್ಯೂಟರ್ ವಿಭಾಗಕ್ಕೆ ಸೇರಿ ಅಷ್ಟೂ ಆಗಿರಲಿಲ್ಲ. ಅತ್ತಿಗೆ ಅದೇ ಆಸ್ಪತ್ರೆಯಲ್ಲಿ ಹಿರಿಯ ನರ್ಸು. ಹೊಸ ಹುಡುಗಿಯ ವೀರಾವೇಶ ನೋಡಿ ಅವರು, “ಮೊದಲು ಆ ಬಾಣಲೆ ಉಜ್ಜು. ತಳ ಹಿಡಿದಿದೆ,” ಎಂದಿದ್ದರು.

ಆದರೆ ಅದು ತಮಾಷೆಯ ಕಾಲವಾಗಿರಲಿಲ್ಲ. ಅದಕ್ಕೆ ಸ್ವಲ್ಪ ಮುಂಚೆ ಅತ್ತಿಗೆ ತಮ್ಮ ವಾರ್ಡಿನ ಒಬ್ಬ ಅಜ್ಜನಿಗೆ ಹೃದಯದ ಮದ್ದು ಕೊಟ್ಟು, ಕೊಟ್ಟೆನೆಂದು ಕಂಪ್ಯೂಟರಿನಲ್ಲಿ ಬರೆದಿದ್ದರು. ತೆರೆ ‘ದಾಖಲಾಗಿದೆ’ ಎಂದಿತು. ಅವರು ಪಾಳಿ ಮುಗಿಸಿ ಮನೆಗೆ ಬಂದರು. ಅವರು ಮನೆ ತಲುಪುವಷ್ಟರಲ್ಲಿ ನೆಲಮಾಳಿಗೆಯಲ್ಲಿದ್ದ ಸ್ಟೋರೇಜ್ ಪೆಟ್ಟಿಗೆ, ಅಂದರೆ ಇಡೀ ಆಸ್ಪತ್ರೆಯ ನೆನಪು ಕೂಡಿಟ್ಟಿದ್ದ ಯಂತ್ರ, ಕೈಕೊಟ್ಟಿತು. ಬೇರೆ ಕಡೆ ಇಟ್ಟಿದ್ದ ಪ್ರತಿಯಿಂದ ಎಲ್ಲವನ್ನೂ ಮೇಲಕ್ಕೆತ್ತಿದರು. ಆ ಪ್ರತಿ ಮೂಲಕ್ಕಿಂತ ಒಂಚೂರು ಹಿಂದೆ ಬಿದ್ದಿತ್ತು. ಅತ್ತಿಗೆಯ ಸಾಲು ಆ ಒಂಚೂರಿನಲ್ಲಿ ಸೇರಿಹೋಯಿತು. ಮುಂದಿನ ಪಾಳಿಯ ನರ್ಸು ತೆರೆ ನೋಡಿದಳು, ಮದ್ದು ಕೊಟ್ಟಿಲ್ಲವೆಂದುಕೊಂಡಳು, ತಾನು ಕೊಟ್ಟಳು. ಅಜ್ಜ ಸಾವಿನ ಬಾಗಿಲು ತಟ್ಟಿ ವಾಪಸು ಬಂದ.

ವಿಚಾರಣೆಯಲ್ಲಿ ಒಂದೇ ಮಾತು: ತೆರೆಯಲ್ಲಿ ಇಲ್ಲ, ಆದ್ದರಿಂದ ನೀವು ಬರೆದಿಲ್ಲ. ಅವಳು ಆ ಸತ್ತ ಪೆಟ್ಟಿಗೆಯ ಹೊಟ್ಟೆ ಬಗೆದು ನೋಡಿ, ಪ್ರತಿ ಹಿಂದೆ ಬಿದ್ದಿದ್ದನ್ನು ಕಂಡುಕೊಂಡು, ಸಮಿತಿಯ ಮುಂದೆ ಹೋಗಿ ಹೇಳಿದಳು. “ಯಂತ್ರಕ್ಕೆ ಸುಳ್ಳು ಹೇಳಿ ಏನಾಗಬೇಕಮ್ಮ?” ಎಂದು ನಕ್ಕು ಕಳಿಸಿದರು. ಅತ್ತಿಗೆಯನ್ನು ಉಗ್ರಾಣಕ್ಕೆ ಹಾಕಿದರು, ಹಾಸಿಗೆಯ ಹೊದಿಕೆ ಮಡಚುವುದಕ್ಕೆ. ವಾರ್ಡಿಗೆ ಮರಳಿ ಬರುವಷ್ಟರಲ್ಲಿ ಅವರ ಕೂದಲು ಅರ್ಧ ಬೆಳ್ಳಗಾಗಿತ್ತು.

ಕೊಟ್ಟ ಮಾತಿನ ಹಿಂದೆ ಅವಳು ಹಟ ಹಿಡಿದು ಬಿದ್ದಳು. ಹಳೆಯ ಪದ್ಧತಿಗೆ ಅವರ ಕೋಣೆಯಲ್ಲಿ ಅಸಿಂಕ್ ಎನ್ನುತ್ತಿದ್ದರು: ಇಲ್ಲಿ ಬರೆದ ತಕ್ಷಣ ‘ದಾಖಲಾಗಿದೆ’ ಎಂದುಬಿಡುವುದು, ಪ್ರತಿಯನ್ನು ಆಮೇಲೆ ಬಿಡುವಾದಾಗ ಕಳಿಸುವುದು. ಅವಳು ತಂದದ್ದು ಸಿಂಕ್: ಇಲ್ಲಿಯೂ ಬರೆದು, ಅಲ್ಲಿಯೂ ಬರೆದು, ಆ ಬದಿಯಿಂದ ‘ಸಿಕ್ಕಿತು’ ಎಂದು ಬಂದ ಮೇಲಷ್ಟೇ ತೆರೆ ಬಾಯಿಬಿಡುವುದು. ವಾರ್ಡುಗಳಲ್ಲಿ ಪಾಳಿ ಬದಲಾಗುವಾಗ ಹೋಗುವ ನರ್ಸು ಹೇಳಿದ್ದನ್ನು ಬರುವ ನರ್ಸು ಅಕ್ಷರ ತಪ್ಪದೆ ತಿರುಗಿ ಹೇಳಬೇಕು. ತಿರುಗಿ ಹೇಳುವವರೆಗೆ ಹೋಗುವವಳು ಬಾಗಿಲು ದಾಟುವ ಹಾಗಿಲ್ಲ. “ನಿಮ್ಮ ಪದ್ಧತೀನೇ ನಮ್ಮ ಪೆಟ್ಟಿಗೆಗೂ ಕಲಿಸಿದೀನಿ ಅಷ್ಟೇ,” ಎಂದು ಅವಳು ನರ್ಸುಗಳಿಗೆ ಹೇಳುತ್ತಿದ್ದಳು. ಅವರು ಅವಳಿಗೆ ಪೆಟ್ಟಿಗೆಯಮ್ಮ ಎಂದು ಹೆಸರಿಟ್ಟರು.

ಇನ್ನೊಂದು ಪೆಟ್ಟಿಗೆ ಇದ್ದದ್ದು ರಸ್ತೆಯಾಚೆಯ ಹಳೆಯ ಲಾಂಡ್ರಿ ಕಟ್ಟಡದಲ್ಲಿ. ಬಟ್ಟೆ ಒಗೆಯುವ ಕೆಲಸ ಹೊರಗಿನವರಿಗೆ ಹೋದ ಮೇಲೆ ಆ ಕಟ್ಟಡ ಖಾಲಿ ಬಿದ್ದಿತ್ತು. ರಸ್ತೆಯ ಕೆಳಗೆ ಒಂದು ಕೇಬಲ್ಲು, ಎರಡು ಪೆಟ್ಟಿಗೆಗಳ ನಡುವಿನ ಹೊಕ್ಕುಳಬಳ್ಳಿ. ಅಷ್ಟು ಹತ್ತಿರ ಇದ್ದದ್ದರಿಂದಲೇ ‘ಸಿಕ್ಕಿತು’ ಎನ್ನುವ ಉತ್ತರ ಕಣ್ಣು ಮಿಟುಕಿಸುವಷ್ಟರಲ್ಲಿ ಬರುತ್ತಿತ್ತು. ಜೊತೆಗೆ ಅವಳು ಎರಡು ನಿಯಮ ಮಾಡಿಸಿದ್ದಳು. ಒಂದು, ಆ ಬದಿಯಿಂದ ಉತ್ತರವೇ ಬರದಿದ್ದರೆ ಈ ಬದಿಯೂ ಬರೆಯಬಾರದು. ಹಳೆಯದನ್ನು ಓದಿ ತೋರಿಸಬಹುದು, ಹೊಸದಕ್ಕೆ ‘ದಾಖಲಾಗಲಿಲ್ಲ’ ಎಂದು ಮುಖದ ಮೇಲೆ ಹೇಳಬೇಕು. ಇನ್ನೊಂದು, ಈ ಏರ್ಪಾಟನ್ನು ಬದಲಿಸಬೇಕೆಂದರೆ ಕೋಣೆಯ ಇಬ್ಬರು ಒಟ್ಟಿಗೆ ಕೂತು ತಂತಮ್ಮ ಪಾಸ್‌ವರ್ಡ್ ಒತ್ತಬೇಕು. ಒಬ್ಬರಿಂದ ಆಗದು, ಅದು ಯಾರೇ ಆಗಿರಲಿ.

ಹೀಗೆ ಹಲವು ವರ್ಷ ನಡೆಯಿತು. ಅವಳು ಆ ಕೋಣೆಗೆ ಮುಖ್ಯಸ್ಥೆಯಾದಳು, ಮಗಳು ಹೈಸ್ಕೂಲಿಗೆ ಬಂದಳು, ಆಸ್ಪತ್ರೆಗೆ ಹೊಸ ಆಡಳಿತಾಧಿಕಾರಿ ಬಂದ.

ಅವನ ಬಾಯಲ್ಲಿ ಯಾವಾಗಲೂ ಒಂದೇ ಪದ: ಚುರುಕು. ಕೆಲಸ ಚುರುಕಾಗಬೇಕು, ಸರದಿ ಚುರುಕಾಗಬೇಕು, ಲಿಫ್ಟು ಕೂಡ ಚುರುಕಾಗಬೇಕು. ಬಂದ ತಿಂಗಳೊಳಗೆ ಇಡೀ ಆಸ್ಪತ್ರೆ ಅವನನ್ನು ಬೆನ್ನ ಹಿಂದೆ ಚುರುಕಪ್ಪ ಎನ್ನತೊಡಗಿತು. ಅವನು ಲಾಂಡ್ರಿ ಕಟ್ಟಡವನ್ನು ಒಂದು ಸುತ್ತು ಹಾಕಿ ಬಂದು, ಅಲ್ಲಿ ಸ್ಕ್ಯಾನಿಂಗ್ ಕೇಂದ್ರ ತೆರೆಯುವುದೆಂದು ತೀರ್ಮಾನಿಸಿದ. ಅಲ್ಲಿನ ಪೆಟ್ಟಿಗೆಗೆ ಗೇಟ್‌ಪಾಸ್. ಪ್ರತಿ ಇನ್ನು ಮುಂದೆ ದೂರದ ಇನ್ನೊಂದು ನಗರದ ಬಾಡಿಗೆ ಕೇಂದ್ರಕ್ಕೆ ಹೋಗಬೇಕು. ಅಷ್ಟು ದೂರಕ್ಕೆ ಉತ್ತರ ಕಾಯುತ್ತ ಕೂತರೆ ಪ್ರತಿ ಸಾಲಿಗೂ ಆಕಳಿಸುವಷ್ಟು ಹೊತ್ತು. ಆದ್ದರಿಂದ ಅಸಿಂಕ್.

ಸಮಿತಿಯ ಸಭೆಯಲ್ಲಿ ಅವನು ಚೆಂದದ ಚಿತ್ರಗಳನ್ನು ತೋರಿಸಿದ. ಮೇಜಿನ ತಲೆಯಲ್ಲಿ ದೊಡ್ಡ ಡಾಕ್ಟರಮ್ಮ ಕೂತಿದ್ದರು. ಆಸ್ಪತ್ರೆಯ ಕೊನೆಯ ಮಾತು ಅವರದು. ಕೇಳುತ್ತಿದ್ದಾರೋ ನಿದ್ದೆ ಮಾಡುತ್ತಿದ್ದಾರೋ ಹೇಳುವುದು ಕಷ್ಟವಿತ್ತು.

“ಹೆಚ್ಚೆಂದರೆ ಪ್ರತಿ ಒಂದಷ್ಟು ಸೆಕೆಂಡು ಹಿಂದೆ ಇರುತ್ತೆ,” ಎಂದ ಚುರುಕಪ್ಪ. “ಅದರಿಂದ ಏನು ಮುಳುಗಿಹೋಗುತ್ತೆ ಮೇಡಂ?”

“ಆ ಸೆಕೆಂಡಲ್ಲಿ ಯಾರ ಮದ್ದು ಬರೆದಿರ್ತಾರೋ ಅವರು,” ಎಂದಳು ಅವಳು.

“ಪೆಟ್ಟಿಗೆ ಕೆಡೋದು ಎಷ್ಟು ವರ್ಷಕ್ಕೆ ಒಂದ್ಸಲ?”

“ಕೆಡೋವಾಗ ಮೊದಲೇ ಹೇಳಿ ಕಳಿಸಲ್ಲ ಸಾರ್, ಅದೇ ತೊಂದರೆ.”

ಯಾರೋ ಕೆಮ್ಮಿ ನಗು ನುಂಗಿದರು. ಚುರುಕಪ್ಪನ ಕಿವಿ ಕೆಂಪಾಯಿತು. ಆದರೆ ಅವನ ಕೈಯಲ್ಲಿ ಇನ್ನೊಂದು ಅಸ್ತ್ರವಿತ್ತು. “ಈಗಿನ ತೆರೆ ಎಷ್ಟು ನಿಧಾನ ಅಂತ ಯಾವ ನರ್ಸನ್ನಾದರೂ ಕೇಳಿ. ಈ ಮೇಡಂನ ಹಟಕ್ಕೆ ಇಡೀ ಆಸ್ಪತ್ರೆ ಆಮೆ ಹಾಗೆ ತೆವಳ್ತಿದೆ. ವಾರ್ಡುಗಳನ್ನೇ ಕೇಳಿಬಿಡೋಣ.”

“ಕೇಳಿ,” ಎಂದಳು. “ನಾನು ಸಹಿ ಹಾಕಲ್ಲ.”

ಮನೆಗೆ ಬರುವಾಗ ಬಸ್ಸಿನಲ್ಲಿ ನಿಂತುಕೊಂಡೇ ಅವಳು ಮನಸ್ಸಿನಲ್ಲಿ ನೂರು ಉತ್ತರ ಹೊಸೆದಳು. ವಾರ್ಡುಗಳನ್ನು ಕೇಳಿದರೆ ಏನು ಹೇಳುತ್ತಾರೆಂಬ ಬಗ್ಗೆ ಅವಳಿಗೆ ಚಿಂತೆಯೇ ಇರಲಿಲ್ಲ. ಅತ್ತಿಗೆ ಇದ್ದಾರಲ್ಲ.

ರಜೆಯ ದಿನ ಬೆಳಿಗ್ಗೆ ಬಟ್ಟೆ ಒಗೆಯುವ ಯಂತ್ರ ನೀರು ಬಿಡದೆ ಮುಷ್ಕರ ಹೂಡಿತು. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಮನೆಯ ಯಾವ ಯಂತ್ರ ಕೆಟ್ಟರೂ ಅವನಿಗೆ ಹಬ್ಬ. ಯಂತ್ರದ ಕೆಳಗೆ ತಲೆ ತೂರಿಸಿ, ಒಳಗಿನಿಂದ ಬಿಳಿಯ ಅಂಟಿನ ಉಂಡೆಯೊಂದನ್ನು ಹೊರಗೆಳೆದ.

“ಅಕ್ಕಾ, ಇದೇನಿದು? ಗಾಯದ ಪಟ್ಟಿಯ ಟೇಪು. ಡಬ್ಬಿಗಟ್ಟಲೆ ಇದೆ. ಯಂತ್ರಕ್ಕೇನಾದ್ರೂ ಆಪರೇಷನ್ ಮಾಡಿದ್ಯಾ?”

ಅತ್ತಿಗೆ ಮೇಲಿನ ಕೋಣೆಯಿಂದ ಇಳಿದು ಬಂದರು. ಅವರು ಮದುವೆಯ ಗೋಜಿಗೆ ಹೋದವರಲ್ಲ. ತಮ್ಮನ ಮನೆಯ ಮೇಲಂತಸ್ತು ಅವರ ರಾಜ್ಯ. “ನನ್ನ ಏಪ್ರನ್ ತೋಳಿಂದು. ಕಿತ್ತು ಹಾಕೋದು ಮರೆತೆ.”

“ತೋಳಿಗೆ ಏನಾಗಿತ್ತು?” ಎಂದಳು ಅವಳು.

“ತೋಳಿಗೇನೂ ಆಗಿಲ್ಲ ಕಣೇ. ಅದರ ಮೇಲೆ ಬರ್ಕೋತೀವಿ. ಯಾರಿಗೆ ಯಾವ ಮದ್ದು, ಎಷ್ಟು ಹೊತ್ತಿಗೆ. ಪಾಳಿ ಮುಗಿಯೋವಾಗ ಕೂತು ಎಲ್ಲಾ ಒಟ್ಟಿಗೆ ತೆರೆಗೆ ಹಾಕ್ತೀವಿ.”

ಅವಳು ಒದ್ದೆ ಉಂಡೆಯನ್ನು ಕೈಗೆ ತೆಗೆದುಕೊಂಡಳು. ಶಾಯಿ ಕರಗಿ ನೀಲಿ ಮಸಿಯಾಗಿತ್ತು. “ಕೊಟ್ಟ ತಕ್ಷಣ ಬರೆಯಲ್ವಾ?”

“ನಿನ್ನ ತೆರೆ ಸುತ್ತುತ್ತಾ ಕೂರುತ್ತಲ್ಲ, ಚಕ್ರ ತಿರುಗಿಸ್ಕೊಂಡು. ಆ ಕಡೆ ಒಬ್ಬರು ವಾಂತಿ ಮಾಡ್ತಿರ್ತಾರೆ, ಈ ಕಡೆ ಒಬ್ಬರಿಗೆ ಸೂಜಿ. ನಾನು ಚಕ್ರ ನೋಡ್ತಾ ನಿಂತ್ಕೊಳ್ಲಾ?”

“ಎಲ್ಲರೂ ಹೀಗೇನಾ?”

“ಇನ್ನೇನು. ಈ ವರ್ಷವೆಲ್ಲ ಹೀಗೇ.”

“ನೀವು ಕೂಡ? ನೀವು, ಅತ್ತಿಗೆ?”

ಅವಳ ದನಿ ಏರಿದ್ದು ಕೇಳಿ ಗಂಡ ಸ್ಕ್ರೂ ಡ್ರೈವರ್ ಹಿಡಿದುಕೊಂಡು ಮೆಲ್ಲಗೆ ಅಂಗಳಕ್ಕೆ ಜಾರಿಕೊಂಡ. ಅತ್ತಿಗೆ ನೆಲ ಒರೆಸುವ ಬಟ್ಟೆ ತೆಗೆದುಕೊಂಡು ಯಂತ್ರದ ಕೆಳಗಿನ ನೀರು ಒರೆಸತೊಡಗಿದರು. “ನೀನು ನಂಗೆ ಮಾತು ಕೊಟ್ಟೆ, ಒಪ್ಪಿದೆ. ತೆರೆಗೆ ಹಾಕಿದ್ದು ಕಳೆಯಲ್ಲ, ನಿಜ. ಹಾಕೋಕೆ ಬಿಡ್ಬೇಕಲ್ಲ ಅದು.”

“ಒಂದು ಮಾತು ನಂಗೆ ಹೇಳಬಾರದಿತ್ತಾ?”

“ಹೇಳಿದ್ರೆ ನೀನು ಬೇಜಾರಾಗ್ತೀಯ ಅಂತ.” ಅವರು ಬಟ್ಟೆ ಹಿಂಡಿದರು. “ಅಷ್ಟು ಹಟ ಮಾಡಿ ಕಟ್ಟಿದ್ದೀಯ. ನಿಧಾನ ಅಂತ ನಾನೇ ಹೇಳಿದ್ರೆ ಹೇಗೆ?”

ಅವಳಿಗೆ ಕೆನ್ನೆಗೆ ಹೊಡೆದ ಹಾಗಾಯಿತು. ಟೇಪಿನ ಮೇಲಿದ್ದದ್ದು ಎರಡು ಪೆಟ್ಟಿಗೆಯಲ್ಲಿ ಒಂದರಲ್ಲೂ ಇರಲಿಲ್ಲ. ಪಾಳಿಯ ನಡುವೆ ಯಾರಾದರೂ ತೆರೆ ನೋಡಿದರೆ, ಮದ್ದು ಕೊಟ್ಟಿಲ್ಲ ಎಂದೇ ಕಾಣುತ್ತಿತ್ತು. ಅಜ್ಜನಿಗೆ ಆದದ್ದು ಪೆಟ್ಟಿಗೆ ಕೆಡದೆಯೇ ಮತ್ತೆ ಆಗಬಹುದಿತ್ತು, ಅತ್ತಿಗೆಯ ಕೈಯಿಂದಲೇ. ತಾನು ಊರ ಬಾಗಿಲಿಗೆಲ್ಲ ಬೀಗ ಜಡಿದು ಹಿತ್ತಿಲು ತೆರೆದಿಟ್ಟಿದ್ದೆನೆಂದು ಅವಳಿಗೆ ಅನಿಸಿತು.

ಮಾರನೆಯ ದಿನ ಅವಳು ಬ್ಯಾಗು ಇಡುವ ಮೊದಲೇ ತಂತಿಯನ್ನು ಕರೆದಳು. ತಂತಿ ಎನ್ನುವುದು ಅವಳ ಕೋಣೆಯ ಇನ್ನೊಬ್ಬನ ಅಡ್ಡಹೆಸರು, ಕೇಬಲ್ಲುಗಳ ಉಸ್ತುವಾರಿ ಅವನದು. ಸಣಕಲು ಮೈ, ಮಾತೂ ಅಷ್ಟೇ ಸಣಕಲು. ‘ಹೂಂ’ ಎನ್ನುವುದರಲ್ಲೇ ಅರ್ಧ ಸಂಸಾರ ನಡೆಸಿದವನು.

“ರಸ್ತೆ ಕೆಳಗಿನ ಕೇಬಲ್‌ನಲ್ಲಿ ಏನೇನು ಹೋಗ್ತಿದೆ ಒಮ್ಮೆ ತೋರಿಸಪ್ಪ.”

ತೋರಿಸಿದ. ಪೆಟ್ಟಿಗೆಯೊಳಗೆ ಒಂದೊಂದು ಬಗೆಯ ಮಾಹಿತಿಗೂ ಒಂದೊಂದು ಕೋಣೆ. ಅದನ್ನು ಅವರು ವಾಲ್ಯೂಮ್ ಎನ್ನುತ್ತಾರೆ. ಮದ್ದಿನ ವಾಲ್ಯೂಮ್, ಡಾಕ್ಟರುಗಳ ಆದೇಶದ್ದು, ರಕ್ತಪರೀಕ್ಷೆಯದ್ದು. ಅವುಗಳ ಜೊತೆಗೆ ಎಕ್ಸ್‌ರೇ ಚಿತ್ರಗಳು, ಕ್ಯಾಂಟೀನಿನ ಬಿಲ್ಲು, ಗಾಡಿ ನಿಲ್ಲಿಸುವ ಜಾಗದ ಕ್ಯಾಮೆರಾ ಕೂಡ. ಎಲ್ಲಕ್ಕೂ ಸಿಂಕ್. ಆಗಿನ ಸಿಟ್ಟಿನಲ್ಲಿ ಅವಳು ಒಂದನ್ನೂ ಬಿಟ್ಟಿರಲಿಲ್ಲ. ವರ್ಷ ಕಳೆದಂತೆ ಚಿತ್ರಗಳು ಆನೆಗಾತ್ರವಾಗಿದ್ದವು. ಅತ್ತಿಗೆಯ ಒಂದು ಸಾಲು ಆ ಆನೆಗಳ ಹಿಂದೆ ಸರದಿಯಲ್ಲಿ ನಿಂತು ಕಾಯುತ್ತಿತ್ತು.

“ಪಾರ್ಕಿಂಗ್ ಕ್ಯಾಮೆರಾಕ್ಕೂ ಸಿಂಕಾ?” ಎಂದು ಅವಳೇ ಕೇಳಿಕೊಂಡಳು.

“ನೀವೇ ಹೇಳಿದ್ದು,” ಎಂದ ತಂತಿ.

“ನಾನು ಹೇಳಿದ್ರೆ? ನಿಂಗೆ ಬಾಯಿರಲಿಲ್ವಾ?”

“ಹೂಂ.”

ಇಬ್ಬರೂ ಕೂತು ಒಟ್ಟಿಗೆ ಪಾಸ್‌ವರ್ಡ್ ಒತ್ತಿ ಬದಲಿಸಿದರು. ಮದ್ದು, ಆದೇಶ, ರಕ್ತಪರೀಕ್ಷೆ, ಈ ಮೂರಕ್ಕೆ ಮಾತ್ರ ಸಿಂಕ್. ಉಳಿದವೆಲ್ಲ ಅಸಿಂಕ್, ಹಿಂದಿನಿಂದ ಸಾವಕಾಶ ಬರಲಿ. ಮಧ್ಯಾಹ್ನದ ಹೊತ್ತಿಗೆ ವಾರ್ಡುಗಳ ತೆರೆಯಲ್ಲಿ ಚಕ್ರ ತಿರುಗುವುದು ನಿಂತಿತು. ಸಂಜೆ ಅವಳು ಅತ್ತಿಗೆಯ ವಾರ್ಡಿಗೆ ಹೋದಳು. ಅತ್ತಿಗೆ ಮದ್ದು ಕೊಟ್ಟರು, ಗಾಡಿಯ ಮೇಲಿನ ತೆರೆಗೆ ಬರೆದರು, ತೋಳಿನ ಟೇಪಿನ ಮೇಲೆಯೂ ಬರೆದರು.

“ಇನ್ನೂ ಯಾಕೆ ಟೇಪು?”

“ನೋಡೋಣ, ನಿನ್ನ ತೆರೆ ನಾಳೆನೂ ಹೀಗೇ ಇರುತ್ತಾ ಅಂತ.”

ವಾರ ಕಳೆದ ಮೇಲೆ ಟೇಪು ಹೋಯಿತು.

ಮುಂದಿನ ಸಭೆಯಲ್ಲಿ ಅವಳು ತನ್ನ ತಪ್ಪನ್ನು ತಾನೇ ಮೇಜಿನ ಮೇಲಿಟ್ಟಳು. ಎಲ್ಲವನ್ನೂ ಸಿಂಕ್‌ಗೆ ಹಾಕಿದ್ದೆ, ಅದರಿಂದ ನಿಧಾನವಾಗಿತ್ತು, ಈಗ ಸರಿಯಾಗಿದೆ. ಚುರುಕಪ್ಪ ಕಾದಿದ್ದವನಂತೆ ಮುಂದೆ ಬಾಗಿದ.

“ಹಾಗಾದ್ರೆ ಹಿಂದೆ ಬಿದ್ರೂ ನಡೆಯುತ್ತೆ ಅಂತ ನೀವೇ ಒಪ್ಪಿಕೊಂಡ ಹಾಗಾಯ್ತು. ಬಾಕಿ ಮೂರನ್ನೂ ಅದೇ ಸಾಲಿಗೆ ಸೇರಿಸಿ, ಲಾಂಡ್ರಿ ಕಟ್ಟಡದ ಬೀಗದ ಕೈ ಕೊಡಿ.”

“ಕ್ಯಾಂಟೀನ್ ಬಿಲ್ಲು ಹಿಂದೆ ಬಿದ್ರೆ ಯಾರೋ ಒಂದು ಟೀ ಬಿಟ್ಟಿ ಕುಡಿದಿರ್ತಾರೆ ಸಾರ್. ಎಕ್ಸ್‌ರೇ ಹೋದ್ರೆ ಇನ್ನೊಂದು ತೆಗೀಬಹುದು. ಕೊಟ್ಟ ಮದ್ದನ್ನ ವಾಪಸು ತೆಗಿಯೋಕಾಗಲ್ಲ. ಆ ಮೂರು ನಾನು ಕೊಡಲ್ಲ.”

“ನೀವು ಕೊಡೋದೇನು? ಆಸ್ಪತ್ರೆ ನಿಮ್ಮ ಮನೆಯ ಆಸ್ತಿಯೇ?”

“ಅಲ್ಲ. ಅದಕ್ಕೇ ಕೊಡಲ್ಲ.”

ದೊಡ್ಡ ಡಾಕ್ಟರಮ್ಮ ಕಣ್ಣು ತೆರೆದು, ಇಬ್ಬರನ್ನೂ ನೋಡಿ, “ತಿಂಗಳ ಕೊನೆಗೆ ಹೇಳ್ತೀನಿ,” ಎಂದು ಎದ್ದರು.

ತಿಂಗಳ ಕೊನೆಯವರೆಗೆ ರಸ್ತೆ ಕಾಯಲಿಲ್ಲ. ಒಂದು ಬೆಳಿಗ್ಗೆ ಒಳಚರಂಡಿಯವರ ಅಗೆಯುವ ಯಂತ್ರ ಆಸ್ಪತ್ರೆಯ ಮುಂದೆ ಹಲ್ಲೂರಿತು. ಅವಳ ಕೋಣೆಯ ಗೋಡೆಯ ಮೇಲಿನ ಹಸಿರು ದೀಪ ಕೆಂಪಾಯಿತು. ತಂತಿ ಮೆಟ್ಟಿಲು ಹತ್ತಿ ಹೊರಗೆ ನೋಡಿ ಬಂದು, ಅವಳು ಕೇಳಿದ್ದ ಅವನ ಅತಿ ಉದ್ದದ ವಾಕ್ಯ ಹೇಳಿದ: “ನಮ್ಮ ಕೇಬಲ್ಲು ಅವರ ಯಂತ್ರದ ಹಲ್ಲಲ್ಲಿ ನೇತಾಡ್ತಿದೆ.”

ಲಾಂಡ್ರಿ ಕಟ್ಟಡದಿಂದ ‘ಸಿಕ್ಕಿತು’ ಬರುವುದು ನಿಂತಿತು. ಆದ್ದರಿಂದ ಈ ಬದಿಯೂ ಬರೆಯುವುದು ನಿಲ್ಲಿಸಿತು. ಆಸ್ಪತ್ರೆಯ ಪ್ರತಿ ವಾರ್ಡಿನಲ್ಲೂ ಮದ್ದಿನ ತೆರೆ ‘ದಾಖಲಾಗಲಿಲ್ಲ’ ಎಂದಿತು. ಫೋನುಗಳು ಒಂದರ ಮೇಲೊಂದು ಬಡಿದುಕೊಂಡವು. ಮೊದಲನೆಯದನ್ನು ಎತ್ತಿದರೆ ಅತ್ತಿಗೆ.

“ತೆರೆ ಮುಖ ತಿರುಗಿಸ್ಕೊಂಡಿದೆ.”

“ಹೌದು ಅತ್ತಿಗೆ. ಕೇಬಲ್ ಹೋಗಿದೆ. ಹಳೆಯದು ಓದಬಹುದು, ಹೊಸದು ಬರೆಯಲ್ಲ. ಕಾಗದ ತಗೊಳ್ಳಿ. ಪ್ರತಿ ಹಾಸಿಗೆ ಹತ್ರ ಒಂದು ಹಾಳೆ ಕಟ್ಟಿ, ಕೊಟ್ಟವರು ಬರೀಲಿ, ಇನ್ನೊಬ್ಬರು ನೋಡಿ ಸಹಿ ಹಾಕ್ಲಿ. ಉಳಿದ ವಾರ್ಡಿಗೂ ಹೇಳಿಬಿಡಿ.”

“ಎಷ್ಟು ಹೊತ್ತು?”

“ಗೊತ್ತಿಲ್ಲ.”

“ಸರಿ, ಇಡು,” ಎಂದು ಅವರೇ ಇಟ್ಟರು.

ಚುರುಕಪ್ಪ ಮೆಟ್ಟಿಲಿಳಿದು ಖುದ್ದು ಬಂದ. ನೆಲಮಾಳಿಗೆಯ ಆ ಕೋಣೆಗೆ ಅವನು ಕಾಲಿಟ್ಟದ್ದು ಅದೇ ಮೊದಲು. ಫ್ಯಾನುಗಳ ಸದ್ದಿಗೆ ಅವನು ಕೂಗಬೇಕಾಯಿತು.

“ಮುಖ್ಯ ಪೆಟ್ಟಿಗೆ ಚೆನ್ನಾಗಿದೆಯೋ ಇಲ್ವೋ?”

“ಚೆನ್ನಾಗಿದೆ ಸಾರ್.”

“ಮತ್ತೆ ಅದರಲ್ಲಿ ಬರೆಯೋಕೆ ಬಿಡಿ. ಆ ಕಡೆಯ ಉತ್ತರ ಕಾಯೋದನ್ನ ತೆಗೆದುಹಾಕಿ. ಇಡೀ ಆಸ್ಪತ್ರೆ ಕಾಗದ ಹುಡುಕ್ತಿದೆ, ನಾಚಿಕೆಗೇಡು.”

“ಈಗ ತೆಗೆದರೆ ಒಂದೇ ಪ್ರತಿ ಇರುತ್ತೆ. ತೆರೆ ‘ದಾಖಲಾಗಿದೆ’ ಅನ್ನುತ್ತೆ. ನರ್ಸುಗಳು ನಂಬ್ತಾರೆ, ಕಾಗದ ಬಿಸಾಕ್ತಾರೆ. ಕಾಗದ ಇರಲಿ ಸಾರ್. ಕಾಗದ ಏನು ಅಂತ ಎಲ್ಲರಿಗೂ ಗೊತ್ತು.”

“ನಾನು ಸಲಹೆ ಕೇಳ್ತಿಲ್ಲ. ಆದೇಶ ಕೊಡ್ತಿದ್ದೀನಿ.”

“ಕೇಳಿಸ್ತು.”

“ಕೇಳಿಸಿದ್ರೆ ಪಾಸ್‌ವರ್ಡ್ ಒತ್ತಿ.”

ಅವಳು ಕುರ್ಚಿಯನ್ನು ಮೇಜಿನಿಂದ ಹಿಂದಕ್ಕೆ ತಳ್ಳಿ, ಎರಡೂ ಕೈ ಮಡಿಲಲ್ಲಿ ಇಟ್ಟುಕೊಂಡಳು. ಮಗಳ ಶಾಲೆ, ಮನೆಯ ಕಂತು, ಗಂಡನ ಡಿಪೋದಲ್ಲಿ ಕೆಲಸ ಕಡಿಮೆ ಮಾಡುತ್ತಾರೆನ್ನುವ ಸುದ್ದಿ, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದು ಹೋದವು. ಆದರೆ ಬಾಯಿಂದ ಬಂದದ್ದು ಮಾತ್ರ ಬೇರೆ. “ಒತ್ತಲ್ಲ. ಗೊತ್ತಿದ್ದೂ ಗೊತ್ತಿದ್ದೂ ತೆರೆ ಹತ್ರ ಸುಳ್ಳು ಹೇಳಿಸೋ ಕೆಲಸ ನನ್ನಿಂದ ಆಗಲ್ಲ. ನಿಮಗೆ ಬೇಕಾದ್ದು ಮಾಡಿ.”

“ಈ ಕುರ್ಚಿ ಇರಲ್ಲ ನಿಮಗೆ.”

“ಕುರ್ಚಿ ತಗೊಂಡು ಹೋಗಿ ಸಾರ್. ಸೊಂಟ ನೋವು ತರೋ ಕುರ್ಚಿ ಅದು.”

ಚುರುಕಪ್ಪ ತಂತಿಯ ಕಡೆ ತಿರುಗಿದ. “ನೀವು ಒತ್ತಿ. ಇನ್ನೊಬ್ಬರನ್ನ ನಾನು ಎಲ್ಲಿಂದಾದ್ರೂ ಕರೆಸ್ತೀನಿ.”

ತಂತಿ ತನ್ನ ಬೆರಳುಗಳನ್ನು ಒಂದೊಂದಾಗಿ ನೋಡಿಕೊಂಡ. ಆಮೇಲೆ ಜೇಬಿನಿಂದ ಕೈಗವಸು ತೆಗೆದು, ನಿಧಾನವಾಗಿ ತೊಟ್ಟುಕೊಂಡ. “ನಾನು ಕೇಬಲ್ ಹತ್ರ ಹೋಗ್ಬೇಕು,” ಎಂದು ಬಾಗಿಲು ದಾಟಿದ. ಆ ಕೋಣೆಗೆ ಮೂರನೆಯ ಪಾಸ್‌ವರ್ಡ್ ಇರಲಿಲ್ಲ.

ಚುರುಕಪ್ಪ ಒಬ್ಬನೇ ನಿಂತ. ಏನೋ ಹೇಳಲು ಬಾಯಿ ತೆರೆದ. ಫ್ಯಾನುಗಳ ಸದ್ದಿನಲ್ಲಿ ಅದು ಕೇಳಿಸಲಿಲ್ಲ. ಅವಳು ಕೇಳಿಸಿಕೊಳ್ಳಲು ಪ್ರಯತ್ನವನ್ನೂ ಮಾಡಲಿಲ್ಲ.

ಅವನು ಹೋದ ಮೇಲೆ ಅವಳು ಫೋನು ತೆಗೆದಿಟ್ಟು ವಾರ್ಡಿನಿಂದ ವಾರ್ಡಿಗೆ ನಡೆದಳು. ಹಾಸಿಗೆಗಳ ಕಾಲುಕಡೆ ಹಾಳೆಗಳು ನೇತಾಡುತ್ತಿದ್ದವು. ಕೆಲವಕ್ಕೆ ದಾರ, ಕೆಲವಕ್ಕೆ ಬಟ್ಟೆ ಒಣಗಿಸುವ ಕ್ಲಿಪ್ಪು. ನರ್ಸುಗಳು ಬೆವರುತ್ತಿದ್ದರು, ಬೈಯುತ್ತಿದ್ದರು. ಒಬ್ಬಳು ಎದುರಿಗೇ, “ಪೆಟ್ಟಿಗೆಯಮ್ಮ, ನಿಮ್ಮ ಪೆಟ್ಟಿಗೆಗೆ ಒಂದು ದೃಷ್ಟಿಬೊಟ್ಟು ಇಡಿ,” ಎಂದಳು. ಅವಳು ಬೈಗುಳ ಕೇಳಿಸಿಕೊಳ್ಳುತ್ತಲೇ ಹಾಳೆ ಹಂಚಿದಳು, ಪೆನ್ನು ಹುಡುಕಿ ಕೊಟ್ಟಳು, ಒಂದು ಕಡೆ ಎರಡನೆಯ ಸಹಿ ಬಿಟ್ಟುಹೋಗಿದ್ದನ್ನು ತೋರಿಸಿ ಹಾಕಿಸಿದಳು. ಅತ್ತಿಗೆಯ ವಾರ್ಡಿನಲ್ಲಿ ಅತ್ತಿಗೆ ಅವಳ ಕಡೆ ನೋಡಿ, “ಊಟ ಮಾಡಿದ್ಯಾ?” ಎಂದರು. ಇಲ್ಲವೆಂದಳು. “ನಾನೂ ಇಲ್ಲ. ಹೋಗು, ಆ ಹಾಸಿಗೆಗೆ ಹಾಳೆ ಸಾಲದು,” ಎಂದರು.

ತಂತಿ ಹಳ್ಳದೊಳಗೆ ಮೊಣಕಾಲೂರಿ, ಕೆಸರು ಮೆತ್ತಿಕೊಂಡು, ಸಂಜೆಗೆ ಮುಂಚೆ ಕೇಬಲ್ಲನ್ನು ಮತ್ತೆ ಕೂಡಿಸಿದ. ಗೋಡೆಯ ದೀಪ ಹಸಿರಾಯಿತು. ಹಾಳೆಗಳಿಂದ ನೋಡಿ ನೋಡಿ ನರ್ಸುಗಳು ಎಲ್ಲವನ್ನೂ ತೆರೆಗೆ ಬರೆದರು. ತೆರೆ ಒಂದೊಂದಕ್ಕೂ ‘ದಾಖಲಾಗಿದೆ’ ಎಂದಿತು, ಎರಡು ಕಡೆ ಬರೆದ ಮೇಲೆ.

ತಿಂಗಳ ಕೊನೆಗೆ ಸಭೆ ಸೇರಿತು. ಈ ಸಲ ಚುರುಕಪ್ಪ ಚಿತ್ರ ತರಲಿಲ್ಲ, ದೂರು ತಂದಿದ್ದ. ಒಬ್ಬ ಮುಖ್ಯಸ್ಥೆ ಬರಿಯ ಮೊಂಡುತನದಿಂದ ಇಡೀ ಆಸ್ಪತ್ರೆಯನ್ನು ಒಂದು ಹಗಲು ಕಾಗದದ ಕಾಲಕ್ಕೆ ತಳ್ಳಿದಳು, ನೇರ ಆದೇಶ ಧಿಕ್ಕರಿಸಿದಳು. ವಾರ್ಡುಗಳ ಪರವಾಗಿ ಮಾತಾಡಲು ನರ್ಸುಗಳು ಅತ್ತಿಗೆಯನ್ನು ಕಳಿಸಿದ್ದರು.

“ಇವರು ನನ್ನ ತಮ್ಮನ ಹೆಂಡತಿ,” ಎಂದು ಅತ್ತಿಗೆ ಶುರುಮಾಡಿದರು. “ಅದನ್ನ ಮೊದಲೇ ಹೇಳಿಬಿಡ್ತೀನಿ, ಆಮೇಲೆ ಯಾರೋ ಕಂಡುಹಿಡಿದು ಖುಷಿಪಡೋದು ಬೇಡ. ಆವತ್ತು ನಮಗೆ ಕಷ್ಟ ಆಯ್ತು, ಸುಳ್ಳಲ್ಲ. ಇವಳಿಗೆ ನಾವು ಬೈದದ್ದೂ ಸುಳ್ಳಲ್ಲ. ಆದ್ರೆ ತೆರೆ ‘ನನ್ನ ಕೈಲಾಗಲ್ಲ’ ಅಂತ ಹೇಳ್ತು, ನಾವು ಕಾಗದ ತಗೊಂಡ್ವಿ. ಹೇಳದೇ ಇದ್ದಿದ್ರೆ ನಂಬ್ತಿದ್ವಿ. ತೆರೆ ನಂಬಿದವರ ಗತಿ ಏನಾಗುತ್ತೆ ಅಂತ ನನ್ನ ಕೇಳಬೇಡಿ. ಉಗ್ರಾಣದ ಹೊದಿಕೆಗಳನ್ನ ಕೇಳಿ.”

ಆ ಹಳೆಯ ವಿಚಾರಣೆ ದೊಡ್ಡ ಡಾಕ್ಟರಮ್ಮನಿಗೆ ಗೊತ್ತಿತ್ತೋ ಇಲ್ಲವೋ. ಅವರು ಅವಳ ಕಡೆ ತಿರುಗಿದರು. “ಆವತ್ತು ಏನಾದರೂ ಕಳೆಯಿತೇನಮ್ಮ?”

“ಬರೆಯೋಕಾಗದೆ ತಡವಾದದ್ದು ಬಹಳ ಇದೆ ಡಾಕ್ಟರ್. ಬರೆದು ಕಳೆದದ್ದು ಒಂದೂ ಇಲ್ಲ.”

“ಮತ್ತೆ ಹಾಗೇ ಆದರೆ?”

“ಮತ್ತೆ ನಿಲ್ಲಿಸ್ತೀನಿ.”

“ನಾನು ಬೇಡ ಅಂದರೆ?”

“ನೀವು ಬೇಡ ಅಂದ್ರೂ.”

ಚುರುಕಪ್ಪ ‘ನೋಡಿದಿರಾ’ ಎನ್ನುವಂತೆ ಕೈ ಚೆಲ್ಲಿದ. ದೊಡ್ಡ ಡಾಕ್ಟರಮ್ಮ ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡರು. ಆಮೇಲೆ ತೀರ್ಪು ಹೇಳಿದರು. ಲಾಂಡ್ರಿ ಕಟ್ಟಡದ ಪೆಟ್ಟಿಗೆ ಅಲ್ಲೇ ಇರುತ್ತದೆ. ಸ್ಕ್ಯಾನಿಂಗ್ ಕೇಂದ್ರಕ್ಕೆ ಬೇರೆ ಜಾಗ ಹುಡುಕಬೇಕು. ಮದ್ದು, ಆದೇಶ, ರಕ್ತಪರೀಕ್ಷೆ ಸಿಂಕ್‌ನಲ್ಲೇ ಮುಂದುವರಿಯುತ್ತವೆ. ಉತ್ತರ ಬರದಿದ್ದರೆ ಬರೆಯುವುದು ನಿಲ್ಲುತ್ತದೆ. ಉಳಿದದ್ದರ ಪ್ರತಿ ದೂರದ ನಗರಕ್ಕೆ ಹೋಗಲಿ. ರಸ್ತೆ ಕೆಳಗೆ ಇನ್ನೊಂದು ಕೇಬಲ್ಲು ಬೇರೆ ದಾರಿಯಲ್ಲಿ ಹಾಕಿಸಬೇಕು. “ಮತ್ತೆ ನೀನು,” ಎಂದು ಅವಳನ್ನು ನೋಡಿದರು, “ಆದೇಶ ಮೀರಿದ್ದಕ್ಕೆ ಮುಖ್ಯಸ್ಥೆಯ ಜಾಗ ಬಿಡಬೇಕು. ಅದನ್ನ ನಾನು ಹೊಟ್ಟೆಗೆ ಹಾಕಿಕೊಂಡರೆ ನಾಳೆ ಎಲ್ಲರೂ ಮೀರ್ತಾರೆ.”

“ಸರಿ,” ಎಂದಳು. “ಎರಡನೇ ಪಾಸ್‌ವರ್ಡ್ ನನ್ನ ಹತ್ರಾನೇ ಇರುತ್ತೆ ತಾನೆ?”

ದೊಡ್ಡ ಡಾಕ್ಟರಮ್ಮ ಮುಂದಿದ್ದ ಕಡತ ಮುಚ್ಚಿದರು. “ಇರಲಿ.”

“ಹಾಗಾದ್ರೆ ಕುರ್ಚಿ ಯಾರಿಗೆ ಬೇಕಾದ್ರೂ ಕೊಡಿ.”

ಕುರ್ಚಿ ತಂತಿಗೆ ಹೋಯಿತು. ಅವನು ಎರಡು ದಿನ ಅದರ ಮೇಲೆ ಕೂರದೆ ನಿಂತೇ ಕೆಲಸ ಮಾಡಿದ; ಮೂರನೆಯ ದಿನ ಅವಳೇ ಭುಜ ಹಿಡಿದು ಕೂರಿಸಿದಳು. ಅವಳ ಸಂಬಳ ಒಂದು ಮೆಟ್ಟಿಲು ಇಳಿಯಿತು, ಮೇಜು ಫ್ಯಾನುಗಳ ಪಕ್ಕಕ್ಕೆ ಹೋಯಿತು. ಮನೆಯಲ್ಲಿ ಗಂಡ, “ಕುರ್ಚಿ ಹೋದ್ರೆ ಹೋಗ್ಲಿ ಬಿಡು, ನಿಂಗೆ ಇನ್ನಾದ್ರೂ ಸೊಂಟ ನೋವು ಕಡಿಮೆಯಾಗುತ್ತೆ,” ಎಂದ. ಅತ್ತಿಗೆ ಆ ತಿಂಗಳ ಮನೆಯ ಕಂತನ್ನು ಯಾರಿಗೂ ಹೇಳದೆ ಕಟ್ಟಿ ಬಂದಿದ್ದರು. ಅದಕ್ಕೆ ಅವಳು ಜಗಳವಾಡಿದಳು, ಅವರೂ ಆಡಿದರು, ಯಾರೂ ಸೋಲಲಿಲ್ಲ.

ಚುರುಕಪ್ಪ ಮುಂದಿನ ವರ್ಷ ಬೇರೆ ಆಸ್ಪತ್ರೆಗೆ ಹೋದ. ಅವನ ನಂತರ ಬಂದವನೂ ಒಮ್ಮೆ ಲಾಂಡ್ರಿ ಕಟ್ಟಡದ ಸುತ್ತ ನಡೆದು ನೋಡಿ, ಕೆಳಗಿಳಿದು ಬಂದು ಅದನ್ನು ಬಿಟ್ಟುಕೊಡುತ್ತೀರಾ ಎಂದು ಕೇಳಿದ. ಅವಳು ಇಲ್ಲವೆಂದಳು. ತಂತಿ ‘ಹೂಂ’ ಎಂದ. ಅದೂ ಅದೇ ಉತ್ತರವೆಂದು ಅವನಿಗೆ ಅರ್ಥವಾಗಲು ಒಂದು ವಾರ ಹಿಡಿಯಿತು.

ಅತ್ತಿಗೆ ಕೆಲಸದಿಂದ ನಿವೃತ್ತರಾಗುವವರೆಗೆ ತೆರೆಗೆ ಬರೆದ ಒಂದು ಸಾಲೂ ಕಳೆಯಲಿಲ್ಲ. ಅವಳು ಕೊಟ್ಟ ಮಾತು ಉಳಿಯಿತು.